ಗುಂಪಿನ ಕೊನೆಯ ಬೈಕಿಗೇ ಏಕೆ ಅಷ್ಟು ಅವಸರ?

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 46. ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ಮೇಲೆ ಎರಡು ವರ್ಷದ ಹಿಂದೆ 350 ಸಿ.ಸಿ. ಬೈಕ್ ಕೊಂಡೆ. ಬುಧವಾರ ಬಿಡುವಿರುವ ಹದಿನಾಲ್ಕು ಜನರ ಗುಂಪೊಂದರಲ್ಲಿದ್ದೇನೆ. ನಿವೃತ್ತರು, ಅಂಗಡಿ ನಡೆಸುವವರು, ಪಾಳಿಯಲ್ಲಿ ದುಡಿಯುವ ನರ್ಸುಗಳು ಎಲ್ಲರೂ ಇದ್ದಾರೆ. ತಿಂಗಳಿಗೊಮ್ಮೆ ಬೆಳಿಗ್ಗೆ ಹೊರಟು ಸಣ್ಣ ಊರುಗಳನ್ನು ಸುತ್ತಿ ಸಂಜೆಗೆ ಮನೆ ಸೇರುತ್ತೇವೆ. ಕಳೆದ ಸಲ ಪಾಂಡವಪುರ, ಮೇಲುಕೋಟೆ, ನಾಗಮಂಗಲ, ಶ್ರವಣಬೆಳಗೊಳ, ಚನ್ನರಾಯಪಟ್ಟಣ, ಹೊಳೆನರಸೀಪುರ, ಕೆ.ಆರ್. ನಗರದ ದಾರಿ ಹಿಡಿದಿದ್ದೆವು. ಹೊಸಬಳೆಂದು ನಾನು ಯಾವಾಗಲೂ ಕೊನೆಯಲ್ಲಿರುತ್ತೇನೆ. ಮುಂದೆ ಹೋಗುವ ಹಿರಿಯರು 70 ದಾಟುವುದೇ ಇಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಅವರನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ನಾನು ಮತ್ತೆ ಮತ್ತೆ 90 ಮುಟ್ಟಬೇಕಾಗುತ್ತದೆ. ಚನ್ನರಾಯಪಟ್ಟಣದಲ್ಲಿ ಊಟ ಮುಗಿಸಿ ಹೊಳೆನರಸೀಪುರದ ಕಡೆ ಹೊರಟಾಗ, ಹಳ್ಳಿಯೊಂದರಲ್ಲಿ ಬಣ್ಣ ಬಳಿಯದ ಹಂಪ್ ನನಗೆ ಕಾಣಲೇ ಇಲ್ಲ. ಬೈಕ್ ಹಾರಿತು, ಹ್ಯಾಂಡಲ್ ಒದ್ದಾಡಿತು, ಹೇಗೋ ಬೀಳದೆ ಉಳಿದೆ. ಗುಂಪಿನವರು ‘ಹಿಂದೆ ಬೀಳಬೇಡಿ, ಗುಂಪು ಒಡೆಯಬಾರದು’ ಎಂದರು. ಒಬ್ಬರು ಹೆಚ್ಚು ಶಕ್ತಿಯ ಬೈಕ್ ಕೊಳ್ಳಲು ಹೇಳಿದರು. ವಾರದ ನಡುವೆ ರಸ್ತೆ ಖಾಲಿ ಇರುವುದರಿಂದ ಹೆದರಬೇಕಾಗಿಲ್ಲ ಎಂದು ಮತ್ತೊಬ್ಬರು ಹೇಳಿದರು. ಕೊರತೆ ನನ್ನ ಕೈಯಲ್ಲಿದೆಯೇ? ನಾನು ಈ ಗುಂಪು ಬಿಡಬೇಕೇ?

ಉತ್ತರ: ನೀವು ಬೀಳದೆ ಉಳಿದಿರಿ ಎನ್ನುವುದು ಮೊದಲ ಸಮಾಧಾನ. ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಎಲ್ಲದರ ಅಡಿಯಲ್ಲಿ ಇರುವ ಅಳುಕು ಒಂದೇ, ತಪ್ಪು ನನ್ನದೇ ಎನ್ನುವುದು. ಆಕ್ಸಿಲರೇಟರ್ ತಿರುವಿದ ಕೈ ನಿಮ್ಮದಾದ್ದರಿಂದ 90ರ ವೇಗದಲ್ಲಿ ಹಳ್ಳಿ ಹೊಕ್ಕಿದ್ದರ ಹೊಣೆ ನಿಮ್ಮದು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ 90 ಎಲ್ಲಿಂದ ಬಂತು ಎಂದು ಕೇಳಿದರೆ, ಅದು ನಿಮ್ಮ ಕೈಯ ಕೊರತೆಯಿಂದ ಬಂದದ್ದಲ್ಲ. ಅದನ್ನು ಹುಟ್ಟಿಸಿದ್ದು ನಿಮ್ಮ ಗುಂಪು ನಡೆಯುವ ರೀತಿ. ಇಪ್ಪತ್ತೆರಡು ವರ್ಷಗಳಿಂದ ಬೈಕ್ ಸವಾರಿಯ ತರಬೇತಿ ಕೊಡುತ್ತಿರುವ ನಾನು ನೋಡಿದಂತೆ, ಗುಂಪು ಸವಾರಿಗಳಲ್ಲಿ ಬಿದ್ದವರು ಬಹುಮಟ್ಟಿಗೆ ಸಾಲಿನ ಕೊನೆಯ ಮೂರು ನಾಲ್ಕು ಜನರಲ್ಲೇ ಇರುತ್ತಾರೆ, ಮತ್ತು ಗುಂಪಿನ ಉಳಿದವರು ಅವರಿಗೆ ‘ಇನ್ನೂ ಅಭ್ಯಾಸ ಸಾಲದು’ ಎಂದು ಹೇಳಿಬಿಟ್ಟಿರುತ್ತಾರೆ.

ಲೆಕ್ಕ ಸರಳವಾಗಿದೆ, ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಗಂಟೆಗೆ 70 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 19 ಮೀಟರ್. ತೆರೆದ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಎರಡು ಸೆಕೆಂಡಿನ ಅಂತರ ಇಟ್ಟುಕೊಂಡು ಹೋಗುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಮುಂದೊಂದು ಹಂಪ್ ಬರುತ್ತದೆ. ಎಲ್ಲರೂ 20ಕ್ಕೆ ಇಳಿದು, ಎರಡನೇ ಗೇರಿಗೆ ಬಂದು, ದಾಟಿ, ಮತ್ತೆ ವೇಗ ಹಿಡಿಯಬೇಕು. ಅಲ್ಲಿ ಒಬ್ಬೊಬ್ಬರ ನಡುವೆ ಎರಡು ಸೆಕೆಂಡಿನ ಬದಲು ಮೂರು ಸೆಕೆಂಡ್ ಆಗುತ್ತದೆ. ಯಾರೂ ತಪ್ಪು ಮಾಡಿಲ್ಲ, ಪ್ರತಿಯೊಬ್ಬರೂ ತಲಾ ಒಂದೇ ಒಂದು ಸೆಕೆಂಡ್ ಹೆಚ್ಚು ತೆಗೆದುಕೊಂಡಿದ್ದಾರೆ. ಆದರೆ ಹದಿನಾಲ್ಕನೆಯವರಾದ ನಿಮ್ಮ ಪಾಲಿಗೆ ಆ ಹದಿಮೂರು ಸೆಕೆಂಡುಗಳೂ ಒಟ್ಟಾಗಿ ಬರುತ್ತವೆ. ನೀವು ಹಂಪ್ ದಾಟಿ 70 ಮುಟ್ಟುವಾಗ ಮುಂದಾಳು ಇರಬೇಕಾದ ಜಾಗಕ್ಕಿಂತ 250 ಮೀಟರ್ ಮುಂದಿರುತ್ತಾರೆ. ಆ ಅಂತರವನ್ನು 90ರಲ್ಲಿ ಹೋಗಿ ತುಂಬಬೇಕೆಂದರೆ ಸುಮಾರು 45 ಸೆಕೆಂಡ್ ಬೇಕು, ಅಷ್ಟರಲ್ಲಿ ನೀವು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತೀರಿ. ನಾಗಮಂಗಲ, ಚನ್ನರಾಯಪಟ್ಟಣ ತಾಲ್ಲೂಕುಗಳ ರಸ್ತೆಗಳಲ್ಲಿ ಒಂದೆರಡು ಕಿಲೋಮೀಟರ್ ಕಳೆಯುವುದರೊಳಗೆ ಇನ್ನೊಂದು ಹಳ್ಳಿಯೋ, ಶಾಲೆಯೋ, ಹಂಪೋ ಬಂದೇ ಬರುತ್ತದೆ. ಹಾರ್ಮೋನಿಯಂನ ತಿದಿಯಂತೆ ಸಾಲು ಮತ್ತೆ ಮಡಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ತಿದಿಯ ಒಂದು ಪಕ್ಕ ಅಲುಗದೆ ಇರುತ್ತದೆ, ಓಲಾಡುವುದೆಲ್ಲ ಇನ್ನೊಂದು ಪಕ್ಕ. ನಿಮ್ಮ ಗುಂಪಿನಲ್ಲಿ ಆ ಪಕ್ಕ ನೀವು.

ಈ ವೇಗದ ಬೆಲೆ ಎಷ್ಟೆಂದು ತಿಳಿಯಲು ಇನ್ನೊಂದು ಲೆಕ್ಕ. ಅಡ್ಡಿ ಕಂಡು ಬ್ರೇಕಿಗೆ ಬೆರಳು ಹೋಗಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕ್ ಹಾಕಬಲ್ಲ ಸವಾರರು 70ರಿಂದ ಪೂರ್ತಿ ನಿಲ್ಲಲು ಸುಮಾರು 60 ಮೀಟರ್ ಬೇಕು. ಅದೇ ಸವಾರರಿಗೆ 90ರಿಂದ ನಿಲ್ಲಲು ಸುಮಾರು 90 ಮೀಟರ್ ಬೇಕು. ಅಂದರೆ 70ರಲ್ಲಿದ್ದವರು ಕಾಲು ನೆಲಕ್ಕೆ ಊರಿ ನಿಂತಿರುವ ಜಾಗವನ್ನು 90ರಲ್ಲಿ ಬಂದವರು ಗಂಟೆಗೆ 65 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ದಾಟುತ್ತಿರುತ್ತಾರೆ. ಮುಂದಿನವರು 70ರಲ್ಲಿ ಕಂಡು ನಿಧಾನ ಮಾಡಿದ ಅದೇ ಹಂಪ್ ನಿಮಗೆ ಕಾಣದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ ನಿಮ್ಮ ಕಣ್ಣು ಆಗ ರಸ್ತೆಯ ಮೇಲಿರಲಿಲ್ಲ, ದೂರದಲ್ಲಿ ಕಾಣಬೇಕಾಗಿದ್ದ ಮುಂದಿನ ಬೈಕಿನ ಹಿಂದೀಪವನ್ನು ಹುಡುಕುತ್ತಿತ್ತು. ನನ್ನ ಅನುಭವದಲ್ಲಿ ವೇಗಕ್ಕಿಂತಲೂ ಈ ಹುಡುಕಾಟವೇ ಹೆಚ್ಚು ಜನರನ್ನು ಕೆಡವಿದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲಸ ಹಿಡಿದ ಹೊಸದರಲ್ಲಿ ಹತ್ತು ಜನರನ್ನು ಕರೆದುಕೊಂಡು ತುರುವೇಕೆರೆಯ ಕಡೆ ಹೋಗಿದ್ದೆ. ನಾನು ಮುಂದೆ, 60ರ ಆಸುಪಾಸಿನಲ್ಲಿ, ಬಹಳ ಜಾಗರೂಕತೆಯಿಂದ ಹೋಗುತ್ತಿದ್ದೇನೆ ಎಂಬ ನೆಮ್ಮದಿಯಲ್ಲಿದ್ದೆ. ಕೊನೆಯಲ್ಲಿದ್ದ ಹುಡುಗನೊಬ್ಬ ತಿರುವೊಂದರಲ್ಲಿ ರಸ್ತೆ ಬಿಟ್ಟು ಬೇಲಿಗೆ ನುಗ್ಗಿ ಕೊರಳೆಲುಬು ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನು ಹೇಳಿದ ಮಾತು, ‘ಸರ್, ನೀವು ಕಾಣಲಿಲ್ಲ, ಅದಕ್ಕೇ ಬೇಗ ಬಂದೆ.’ ನಾನು ಅವನಿಗೆ ಕಾಣಬೇಕಾದ ಅಗತ್ಯವೇ ಇಲ್ಲದಂತೆ ಸವಾರಿಯನ್ನು ಜೋಡಿಸಬೇಕಿತ್ತು. ನಿಮ್ಮ ಗುಂಪಿಗೆ ನಾನು ಹೇಳಬೇಕಾದ ಮಾತೂ ಇದೇ. ಒಬ್ಬರನ್ನೊಬ್ಬರು ಕಣ್ಣಳತೆಯಲ್ಲಿ ಇಟ್ಟುಕೊಂಡೇ ಹೋಗಬೇಕೆನ್ನುವ ನಿಯಮವನ್ನು ಬಿಡಬೇಕು.

ವಾರದ ನಡುವೆ ರಸ್ತೆ ಖಾಲಿ ಎನ್ನುವ ಮಾತಿಗೆ ಬರೋಣ. ಭಾನುವಾರ ಇರುವಷ್ಟು ಪ್ರವಾಸಿ ಕಾರುಗಳು ಬುಧವಾರ ಇರುವುದಿಲ್ಲ, ಮೇಲುಕೋಟೆಯಲ್ಲಿ ಬೈಕ್ ನಿಲ್ಲಿಸಲು ಜಾಗ ಸಿಗುತ್ತದೆ, ಅಷ್ಟು ನಿಜ. ಆದರೆ ಕೆಲಸದ ದಿನ ಆ ರಸ್ತೆ ಆ ಊರಿನವರ ಅಂಗಳವಾಗಿರುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಮತ್ತು ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಶಾಲೆಯ ಮಕ್ಕಳು ರಸ್ತೆಯ ಎರಡೂ ಬದಿಯಲ್ಲಿ ನಡೆಯುತ್ತಿರುತ್ತಾರೆ, ಸೈಕಲ್ಲಿನಲ್ಲಿ ಜೊತೆಜೊತೆಯಾಗಿ ಹೋಗುತ್ತಿರುತ್ತಾರೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ಡುಗಳು ಓಣಿಯಿಂದ ನೇರವಾಗಿ ರಸ್ತೆಗೆ ಬರುತ್ತವೆ. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳ ಹಿಂದೆ ದೀಪವೂ ಇರುವುದಿಲ್ಲ, ಇಂಡಿಕೇಟರೂ ಇರುವುದಿಲ್ಲ, ಕಬ್ಬಿನ ಜಲ್ಲೆಗಳು ಟ್ರೇಲರಿನ ಅಗಲಕ್ಕಿಂತ ಹೊರಗೆ ಚಾಚಿಕೊಂಡಿರುತ್ತವೆ. ಸಣ್ಣ ಊರುಗಳ ಸಂತೆಗಳಲ್ಲಿ ಎಷ್ಟೋ ವಾರದ ನಡುವಿನ ದಿನವೇ ನಡೆಯುತ್ತವೆ. ದಾರಿಯ ಯಾವ ಊರಿನಲ್ಲಿ ಅಂದು ಸಂತೆ ಇದೆ ಎಂದು ಹಿಂದಿನ ದಿನವೇ ಅಲ್ಲಿನ ಪರಿಚಯದವರನ್ನೋ, ಊಟಕ್ಕೆ ಹೇಳಿಟ್ಟ ಹೋಟೆಲಿನವರನ್ನೋ ಕೇಳಿಕೊಂಡರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಬುಧವಾರಕ್ಕೆ ಅನುಕೂಲವೂ ಇದೆ, ಅದು ಯಾರೂ ಹೇಳದ ಕಡೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗ ತೆರೆದಿರುತ್ತದೆ, ಪಂಕ್ಚರ್ ಅಂಗಡಿಯವರು, ಮೆಕ್ಯಾನಿಕ್‌ಗಳು, ಬಿಡಿಭಾಗದ ಅಂಗಡಿಯವರು ಎಲ್ಲರೂ ಸಿಗುತ್ತಾರೆ. ಕ್ಲಚ್ ಕೇಬಲ್ ಹರಿದರೆ ಹೊಳೆನರಸೀಪುರದಲ್ಲಿ ಭಾನುವಾರ ಮಧ್ಯಾಹ್ನ ಪರದಾಡುವುದಕ್ಕಿಂತ ಬುಧವಾರ ಬಹಳ ಸುಲಭ. ಹಾಗಾಗಿ ವಾರದ ನಡುವೆ ಹೋಗುವುದನ್ನು ನಾನು ಬೇಡ ಎನ್ನುವುದಿಲ್ಲ. ಖಾಲಿ ರಸ್ತೆ ಎಂಬ ನಂಬಿಕೆ ಬೇಡ ಎನ್ನುತ್ತೇನೆ.

ಹೆಚ್ಚು ಶಕ್ತಿಯ ಬೈಕಿನ ಸಲಹೆಯನ್ನು ಬದಿಗಿಡಿ. 350 ಸಿ.ಸಿ. ಈ ರಸ್ತೆಗಳಿಗೆ ಸಾಕು, ಸಾಕಾಗಿ ಮಿಗುತ್ತದೆ. ಶಕ್ತಿ ಹೆಚ್ಚಾದರೆ ನೀವು ಅದೇ 250 ಮೀಟರನ್ನು 90ರ ಬದಲು 110ರಲ್ಲಿ ತುಂಬುತ್ತೀರಿ, ಅಷ್ಟೇ. ಬೈಕಿನಲ್ಲಿ ಎ.ಬಿ.ಎಸ್. ಬ್ರೇಕ್ ಇದೆಯಲ್ಲ ಎಂಬ ಧೈರ್ಯವೂ ಅಳತೆಯಲ್ಲಿರಲಿ. 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ, ಅದು ಒಳ್ಳೆಯದೇ. ಆದರೆ ಅದು ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುತ್ತದೆಯೇ ಹೊರತು ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ಹಿಡಿತದ ಮಾತು ಬಂದದ್ದರಿಂದ ನಿಮ್ಮ ದಾರಿಯ ಒಂದು ವಿಶೇಷವನ್ನು ಹೇಳಲೇಬೇಕು. ಡಿಸೆಂಬರ್, ಜನವರಿಯಲ್ಲಿ ನಾಗಮಂಗಲ, ಚನ್ನರಾಯಪಟ್ಟಣದ ಕಡೆ ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ ವಾಹನದ ಚಕ್ರಗಳಿಂದ ಒಕ್ಕಣೆ ಮಾಡಿಸುವ ರೂಢಿಯಿದೆ. ಒಣಗಿದ ಹುಲ್ಲು ಟೈರಿನ ಕೆಳಗೆ ಉರುಳುತ್ತದೆ, ಬಿಡಿ ಕಾಳುಗಳು ಗೋಲಿಗಳಂತೆ ಜಾರಿಸುತ್ತವೆ, ಹುರುಳಿಯ ಬಳ್ಳಿ ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ಸಿಕ್ಕ ಹುಲ್ಲು ಹೊತ್ತಿಕೊಳ್ಳುವುದೂ ಉಂಟು. ಅದು ದೂರದಿಂದ ಕಂದು ಬಣ್ಣದ ಪಟ್ಟಿಯಂತೆ ಕಾಣುತ್ತದೆ. ಕಂಡ ಕೂಡಲೇ, ಅದರ ಮೇಲೆ ಹೋಗುವ ಮೊದಲೇ, ವೇಗವನ್ನೆಲ್ಲ ಕಳೆದುಕೊಳ್ಳಿ. ಬದಿಯಲ್ಲಿ ಬರಿ ಡಾಂಬರು ಉಳಿದಿದ್ದರೆ ಅಲ್ಲಿ ಹೋಗಿ. ಬೇರೆ ದಾರಿಯಿಲ್ಲದಿದ್ದರೆ ಬೈಕನ್ನು ನೆಟ್ಟಗೆ ಇಟ್ಟುಕೊಂಡು, ಮುಂಬ್ರೇಕ್ ಮುಟ್ಟದೆ, ಕಡಿಮೆ ಗೇರಿನಲ್ಲಿ ಒಂದೇ ಸಮನಾದ ಆಕ್ಸಿಲರೇಟರಿನಲ್ಲಿ ದಾಟಿ. ಅಲ್ಲಿರುವ ರೈತರೊಡನೆ ಜಗಳಕ್ಕೆ ನಿಲ್ಲಬೇಡಿ. ಸಗಣಿ ಸಾರಿಸಿ ಕಣ ಮಾಡುವ ಜಾಗ, ಆಳು, ದನ ಮೂರೂ ಇಲ್ಲದ ಕಡೆ ರಸ್ತೆಯೇ ಕಣವಾಗಿದೆ. ಅದು ಅಪಾಯವೆಂದು ತಿಳಿದವರೂ ಬೇರೆ ದಾರಿ ಕಾಣದೆ ಮಾಡುತ್ತಿದ್ದಾರೆ. ನಿಮ್ಮ ಗುಂಪು ಮೂವತ್ತರ ವೇಗದಲ್ಲಿ ದಾಟಿದರೆ ಅವರ ಕಾಳೂ ಉಳಿಯುತ್ತದೆ, ನೀವೂ ಉಳಿಯುತ್ತೀರಿ. ಆದರೆ ಸಾಲು ಹಿಗ್ಗುವುದು ಇಂಥ ಜಾಗದಲ್ಲೇ, ಅದನ್ನು ದಾಟಿದ ಮೇಲೆ ಓಡಬೇಕೆನಿಸುವುದು ಕೊನೆಯವರಿಗೇ ಎನ್ನುವುದನ್ನು ಮರೆಯಬಾರದು.

ಪಾಂಡವಪುರದ ಸುತ್ತಮುತ್ತ ನಾಲೆಯ ಪಕ್ಕದ ರಸ್ತೆಗಳಲ್ಲಿ ಗುಂಪಾಗಿ ಹೋಗಲೇಬಾರದು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಹತ್ತಿರ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಜನ ಸತ್ತದ್ದನ್ನು ಈ ಸೀಮೆಯವರು ಮರೆತಿಲ್ಲ. ತಡೆಗೋಡೆಯಿಲ್ಲದ ಕಡೆ, ಎದುರಿಗೆ ಬರುವ ವಾಹನಕ್ಕೆ ದಾರಿ ಬಿಡಲು ನಾಲೆಯ ಬದಿಗೆ ಸರಿಯಬೇಕಾದ ಸಂದರ್ಭವನ್ನು ಹದಿನಾಲ್ಕು ಸಲ ತಂದುಕೊಳ್ಳುವುದು ಬೇಡ.

ಈಗ ಸಾಲಿನ ವಿನ್ಯಾಸ. ಒಬ್ಬರು ರಸ್ತೆಯ ನಡುಗೆರೆಯ ಕಡೆ, ಹಿಂದಿನವರು ಅಂಚಿನ ಕಡೆ, ಹೀಗೆ ಓರೆಯಾಗಿ ಸಾಗುವ ಕ್ರಮವನ್ನು ನಿಮ್ಮ ಗುಂಪಿನವರು ಎಲ್ಲ ಕಡೆಯೂ ಪಾಲಿಸಬೇಕೆಂದು ಹೇಳಿರಬಹುದು. ಅದು ಅಗಲವಾದ, ನೇರವಾದ ರಸ್ತೆಗೆ ಸರಿ. ಓರೆಯಲ್ಲಿ ಮುಂದಿರುವವರಿಂದ ಒಂದು ಸೆಕೆಂಡ್, ನಿಮ್ಮದೇ ಗೆರೆಯಲ್ಲಿ ಮುಂದಿರುವವರಿಂದ ಎರಡು ಸೆಕೆಂಡ್ ಅಂತರ ಸಿಗುತ್ತದೆ. ತಿರುವಿನಲ್ಲಿ, ಸೇತುವೆಯ ಮೇಲೆ, ಊರಿನ ಒಳಗೆ, ಹಂಪಿನ ಹತ್ತಿರ, ಗುಂಡಿ ಬಿದ್ದ ಕಡೆ ಅದನ್ನು ಬಿಟ್ಟು ಒಬ್ಬರ ಹಿಂದೆ ಒಬ್ಬರಂತೆ ಸಾಗಬೇಕು, ಏಕೆಂದರೆ ಅಲ್ಲಿ ನಿಮಗೆ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ. ಊರೊಳಗೆ ಇನ್ನೊಂದು ಕಾರಣವೂ ಇದೆ. ಬಸ್ ನಿಲ್ದಾಣದ ಎದುರು ರಸ್ತೆ ದಾಟಲು ನಿಂತ ಅಜ್ಜಿ ಒಂದು ಬೈಕ್, ಎರಡು ಬೈಕ್, ಮೂರು ಬೈಕ್ ಹೋದದ್ದನ್ನು ನೋಡಿ, ಇನ್ನು ಮುಗಿಯಿತು ಎಂದುಕೊಂಡು ಹೆಜ್ಜೆ ಇಡುತ್ತಾರೆ. ನಾಲ್ಕನೆಯವರು ಎಲ್ಲಿ ನೋಡುತ್ತಿರುತ್ತಾರೆ? ಮೂರನೆಯವರ ಹಿಂದೀಪವನ್ನು. ಗುಂಪು ಉದ್ದವಾದಷ್ಟೂ ಇಂಥ ಸಂದರ್ಭಗಳು ಹೆಚ್ಚುತ್ತವೆ.

ಪರಿಹಾರವಾಗಿ ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ಪೂರ್ತಿ ನಿರಪಾಯವಲ್ಲ. ಸಾಮಾನ್ಯವಾಗಿ ಮೊದಲು ಸೂಚಿಸುವುದು ಹೊಸಬರನ್ನು ಮುಂದಾಳುವಿನ ಹಿಂದೆಯೇ, ಎರಡನೆಯ ಜಾಗದಲ್ಲಿ ಇರಿಸುವುದು. ಇದರಿಂದ ನಿಮ್ಮ ಓಟ ಇಂದೇ ನಿಲ್ಲುತ್ತದೆ. ಮುಂದಾಳು ಕನ್ನಡಿಯಲ್ಲಿ ನಿಮ್ಮನ್ನು ನೋಡುತ್ತ ವೇಗವನ್ನು ನಿಮಗೆ ಹೊಂದಿಸಬಹುದು. ಆದರೆ ಕೊನೆಯ ಜಾಗ ಖಾಲಿಯಾಗುವುದಿಲ್ಲ, ಅಲ್ಲಿ ಬೇರೆಯವರು ಬರುತ್ತಾರೆ. ಆ ಜಾಗಕ್ಕೆ ಗುಂಪಿನ ಅತ್ಯಂತ ಅನುಭವಿಯನ್ನೇ ಕೂರಿಸಬೇಕು, ಅವರು ಎಷ್ಟು ಹಿಂದುಳಿದರೂ ಓಡುವುದಿಲ್ಲ ಎಂದು ಒಪ್ಪಿಕೊಂಡಿರಬೇಕು. ಪಂಕ್ಚರ್ ಸಾಮಗ್ರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅವರ ಬಳಿಯೇ ಇರಬೇಕು. ನಿಮ್ಮ ಗುಂಪು ಹೊಸಬಳಾದ ನಿಮ್ಮನ್ನೇ ಕೊನೆಗೆ ಇಟ್ಟಿರುವುದು ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ವಿಷಯ. ಅಂದು ನೀವು ಬಿದ್ದಿದ್ದರೆ ಹಿಂದಿನಿಂದ ಬಂದು ನೋಡುವವರು ಯಾರೂ ಇರಲಿಲ್ಲ.

ಹದಿನಾಲ್ಕನ್ನು ಐದು, ಐದು, ನಾಲ್ಕಾಗಿ ಒಡೆಯುವುದು ಇನ್ನೊಂದು ದಾರಿ. ಹತ್ತು ನಿಮಿಷದ ಅಂತರದಲ್ಲಿ ಹೊರಟು ಊಟದ ಜಾಗದಲ್ಲಿ ಸೇರುವುದು. ಐದು ಜನರಲ್ಲಿ ಕೊನೆಯವರ ಪಾಲಿಗೆ ಬರುವುದು ನಾಲ್ಕು ಸೆಕೆಂಡ್, ಅಂದರೆ 80 ಮೀಟರಿಗೂ ಕಡಿಮೆ. ಅದನ್ನು 75ರಲ್ಲಿ ಹೋಗಿ ನಿಧಾನವಾಗಿ ತುಂಬಬಹುದು, ತುಂಬದಿದ್ದರೂ ಆಗುತ್ತದೆ. ಹಿಂದಿನಿಂದ ಬರುವ ಬಸ್ಸಿನವರಿಗೂ ಐದು ಬೈಕುಗಳನ್ನು ದಾಟುವುದು ಸಾಧ್ಯ, ಹದಿನಾಲ್ಕನ್ನು ದಾಟುವುದು ಸಾಧ್ಯವಿಲ್ಲ. ಇದರ ಕಷ್ಟವೆಂದರೆ ದಾರಿ ತಿಳಿದವರು ಮೂವರು ಬೇಕು, ಮತ್ತು ಹಿಂದಿನ ಗುಂಪು ಮುಂದಿನದನ್ನು ಹಿಡಿಯುವ ಪೈಪೋಟಿಗೆ ಇಳಿಯಬಾರದು. ನನ್ನನ್ನು ಕೇಳಿದರೆ ಹತ್ತು ದಾಟಿದ ಯಾವ ಗುಂಪನ್ನೂ ಒಡೆಯದೆ ರಸ್ತೆಗೆ ಇಳಿಸಬಾರದು.

ಮೂರನೆಯದು ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸುವ ಕ್ರಮ. ಕಣ್ಣಳತೆಯ ನಿಯಮವನ್ನು ಬೇರುಸಹಿತ ಕಿತ್ತುಹಾಕುವುದು ಇದೇ ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಮುಂದಾಳು ದಾರಿ ಬದಲಾಗುವ ಪ್ರತಿ ಕೂಡುರಸ್ತೆಯಲ್ಲಿ ತನ್ನ ಹಿಂದಿರುವವರಿಗೆ ಕೈ ತೋರಿಸುತ್ತಾರೆ. ಅವರು ಅಲ್ಲಿಯೇ, ರಸ್ತೆ ಬಿಟ್ಟು, ಎಲ್ಲರಿಗೂ ಕಾಣುವ ಸುರಕ್ಷಿತ ಜಾಗದಲ್ಲಿ ನಿಂತು ಬರುವವರಿಗೆ ದಾರಿ ತೋರಿಸುತ್ತಾರೆ. ಕೊನೆಯ ಅನುಭವಿ ಬಂದಾಗ ಅವರ ಮುಂದೆ ಸೇರಿಕೊಂಡು ಹೊರಡುತ್ತಾರೆ. ಮುಂದಿನ ತಿರುವಿಗೆ ಈಗ ಎರಡನೆಯ ಜಾಗಕ್ಕೆ ಬಂದಿರುವವರ ಪಾಳಿ. ಹೀಗಾದಾಗ ಯಾರೂ ಯಾರನ್ನೂ ನೋಡುತ್ತ ಹೋಗಬೇಕಾಗಿಲ್ಲ. ತಿರುವಿನಲ್ಲಿ ಮನುಷ್ಯರು ನಿಂತಿಲ್ಲ ಎಂದರೆ ನೇರ ಹೋಗಿ ಎಂದರ್ಥ, ನಿಂತಿದ್ದಾರೆ ಎಂದರೆ ಅವರು ತೋರಿದ ಕಡೆ ಹೋಗಿ ಎಂದರ್ಥ. ನೀವು ಎರಡು ಕಿಲೋಮೀಟರ್ ಹಿಂದುಳಿದರೂ ದಾರಿ ತಪ್ಪುವುದಿಲ್ಲ, ಹಾಗಾಗಿ ಓಡಲು ಕಾರಣವೇ ಉಳಿಯುವುದಿಲ್ಲ. ಮುಂದಾಳು ಮತ್ತು ಕೊನೆಯ ಅನುಭವಿಯನ್ನು ಬಿಟ್ಟು ಉಳಿದವರ ಸ್ಥಾನಗಳೂ ತಾವಾಗಿಯೇ ಬದಲಾಗುವುದರಿಂದ ಅವರಲ್ಲಿ ಒಬ್ಬರೇ ಇಡೀ ದಿನ ಹಿಂದುಳಿಯುವುದೂ ತಪ್ಪುತ್ತದೆ. ಇದರ ಅಪಾಯ ನಿಲ್ಲುವ ಜಾಗದ್ದು. ತಿರುವಿನ ಒಳಮಗ್ಗುಲಲ್ಲಿ, ಸೇತುವೆಯ ಬಾಯಲ್ಲಿ, ಬಸ್ ನಿಲ್ಲುವ ಕಡೆ ನಿಂತರೆ ನಿಂತವರೇ ಅಪಘಾತಕ್ಕೆ ಕಾರಣವಾಗುತ್ತಾರೆ. ಬೇಸರವಾಗಿ ಒಬ್ಬರು ಮೊದಲೇ ಹೊರಟುಬಿಟ್ಟರೆ ಹಿಂದಿನವರೆಲ್ಲ ತಪ್ಪು ದಾರಿ ಹಿಡಿಯುತ್ತಾರೆ. ಕೊನೆಯವರು ಬರುವವರೆಗೆ ಅರ್ಧ ಗಂಟೆಯಾದರೂ ಜಾಗ ಬಿಡುವುದಿಲ್ಲ ಎಂಬ ಮಾತು ಹೊರಡುವ ಮುಂಚೆಯೇ ಆಗಬೇಕು.

ಹೆಲ್ಮೆಟ್ಟಿನೊಳಗೆ ಮಾತಾಡುವ ಇಂಟರ್‌ಕಾಂ ಇದ್ದರೆ ಇವೆಲ್ಲ ಬೇಡ ಎನ್ನುವವರಿದ್ದಾರೆ. ಮುಂದಾಳು ಮತ್ತು ಕೊನೆಯವರ ನಡುವೆ ಅದು ಉಪಯುಕ್ತ. ಹದಿನಾಲ್ಕು ಜನರೂ ಮಾತಾಡುತ್ತ ಹೋದರೆ ಗಮನ ಹರಿದು ಹಂಚಿಹೋಗುತ್ತದೆ, ನಾನು ಅದನ್ನು ಒಪ್ಪುವುದಿಲ್ಲ. ಒಬ್ಬಂಟಿಯಾಗಿ ಹೋಗಿ ಊರಿನಲ್ಲಿ ಸೇರುವುದು ಪಳಗಿದವರಿಗೆ ಹಿತ, ನಿಮಗೆ ಸದ್ಯಕ್ಕೆ ಬೇಡ. ಹೋಗುವುದಾದರೆ ಜೋಡಿಯಾಗಿ ಹೋಗಿ.

ಯಾವ ಕ್ರಮ ಹಿಡಿದರೂ ಓವರ್‌ಟೇಕ್ ಮಾತ್ರ ಒಬ್ಬೊಬ್ಬರ ಸ್ವಂತ ತೀರ್ಮಾನವಾಗಿರಬೇಕು. ಮುಂದಿನವರು ಬಸ್ಸನ್ನು ದಾಟಿದರು ಎನ್ನುವುದು ಅವರ ಮುಂದೆ ಆ ಹೊತ್ತಿನಲ್ಲಿ ರಸ್ತೆ ಖಾಲಿಯಿತ್ತು ಎನ್ನುವುದನ್ನಷ್ಟೇ ಹೇಳುತ್ತದೆ. ಮೂರು ಸೆಕೆಂಡಿನ ನಂತರ ಹೊರಡುವ ನಿಮಗೆ ಅದು ಏನನ್ನೂ ಹೇಳುವುದಿಲ್ಲ. ‘ಬನ್ನಿ ಬನ್ನಿ’ ಎಂದು ಹಿಂದಿನವರಿಗೆ ಕೈ ಬೀಸುವ ಅಭ್ಯಾಸ ನಿಮ್ಮ ಗುಂಪಿನಲ್ಲಿದ್ದರೆ ಅದನ್ನು ನಿಲ್ಲಿಸಲೇಬೇಕು. ದಾಟಿದವರು ಬಸ್ಸಿನ ಮೂತಿಯ ಮುಂದೆಯೇ ನಿಧಾನ ಮಾಡದೆ ಸಾಕಷ್ಟು ಮುಂದೆ ಹೋಗಬೇಕು, ಇಲ್ಲವಾದರೆ ಅವರ ಹಿಂದೆ ಬಂದವರಿಗೆ ಸೇರಲು ಜಾಗವಿಲ್ಲದೆ ಎದುರಿನ ಪಥದಲ್ಲೇ ಉಳಿಯುತ್ತಾರೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುತ್ತ ಮೆರವಣಿಗೆಯಂತೆ ಸಾಗುವುದೂ ಬೇಡ. ನೀವು ಯಾವ ಕಡೆ ತಿರುಗುತ್ತೀರಿ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ನಿಮ್ಮ ಹಂಪ್ ಬಂದದ್ದು ಊಟದ ನಂತರ ಎನ್ನುವುದನ್ನೂ ನಾನು ಕಡೆಗಣಿಸಲಾರೆ. ನೀವು ಬರೆದ ಸುತ್ತು ಸುಮಾರು 230 ಕಿ.ಮೀ. ಆಗುತ್ತದೆ. ಊರೂರು ದಾಟುವ ಇಂಥ ದಾರಿಯಲ್ಲಿ ಗಂಟೆಗೆ 40 ಕಿ.ಮೀ. ಸರಾಸರಿ ಬಂದರೆ ಅದೇ ಹೆಚ್ಚು. ಅಂದರೆ ಸೀಟಿನ ಮೇಲೆಯೇ ಆರು ಗಂಟೆ, ಅದರ ಮೇಲೆ ತಿಂಡಿ, ಊಟ, ದೇವಸ್ಥಾನ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದೇಹ ತಾನಾಗಿಯೇ ಮಂದವಾಗುತ್ತದೆ. ಮುದ್ದೆಯ ಊಟ, ಬಿಸಿಲು, ಹೆಲ್ಮೆಟ್ಟಿನ ಒಳಗಿನ ಬೆವರು ಅದಕ್ಕೆ ಸೇರಿದರೆ ಕಣ್ಣು ತೆರೆದಿದ್ದೂ ನೋಡದಂತಾಗುತ್ತದೆ. ಊಟ ಹಗುರವಾಗಿರಲಿ, ಎದ್ದ ಮೇಲೆ ಅರ್ಧ ಗಂಟೆ ನೆರಳಿನಲ್ಲಿ ಕುಳಿತು ನೀರು ಕುಡಿದು ಹೊರಡಿ, 60 ಕಿ.ಮೀ.ಗೊಮ್ಮೆ ಇಳಿದು ನಡೆದಾಡಿ. ಊಟದ ಜೊತೆ ಬಿಯರ್ ಕುಡಿಯುವವರಿದ್ದರೆ ಆ ದಿನ ಅವರ ಸವಾರಿ ಅಲ್ಲಿಗೇ ಮುಗಿಯಬೇಕು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಆದರೆ ಗುಂಪಿನ ಮಿತಿ ಸೊನ್ನೆಯಾಗಿರಲಿ. ಕೆ.ಆರ್. ನಗರದಿಂದ ಮೈಸೂರಿಗೆ ಸಂಜೆ ಬರುವಾಗ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ, ನಿಮಗೆ ರಸ್ತೆ ಚೆನ್ನಾಗಿ ಕಾಣುತ್ತದೆ. ಎದುರಿನಿಂದ ಬರುವವರ ಕಣ್ಣಿಗೆ ಮಾತ್ರ ಅದೇ ಬಿಸಿಲು ಹೊಡೆಯುತ್ತಿರುತ್ತದೆ, ಅವರಿಗೆ ನೀವು ಕಾಣುತ್ತಿಲ್ಲ ಎಂದೇ ಎಣಿಸಿ ಓಡಿಸಿ. ಸಾಧ್ಯವಾದರೆ ಹೊಳೆನರಸೀಪುರವನ್ನು ಕೈಬಿಟ್ಟು ಸುತ್ತನ್ನು ಚಿಕ್ಕದು ಮಾಡಿ, ನಾಲ್ಕೂವರೆಯೊಳಗೆ ಮೈಸೂರು ಸೇರಿ.

ಯಾರಾದರೂ ಬಿದ್ದರೆ ಏನು ಮಾಡಬೇಕೆಂಬುದನ್ನು ಹೊರಡುವ ಮುಂಚೆ ಐದು ನಿಮಿಷ ಮಾತಾಡಿಕೊಳ್ಳಿ. ಇಬ್ಬರು ರಸ್ತೆಯ ಎರಡೂ ಕಡೆ ದೂರ ಹೋಗಿ ವಾಹನಗಳನ್ನು ತಡೆಯಬೇಕು, ಒಬ್ಬರು 108ಕ್ಕೆ ಕರೆ ಮಾಡಬೇಕು, ಒಬ್ಬರೇ ಬಿದ್ದವರ ಬಳಿ ಇರಬೇಕು. ನಿಮ್ಮ ಗುಂಪಿನಲ್ಲಿ ನರ್ಸುಗಳಿರುವುದು ಪುಣ್ಯ, ಆ ಜಾಗ ಅವರದು. ಉಸಿರು ಕಟ್ಟದ ಹೊರತು ಹೆಲ್ಮೆಟ್ ಎಳೆದು ತೆಗೆಯಬಾರದು, ಎಬ್ಬಿಸಿ ಕೂರಿಸಬಾರದು. ಊರಿನವರು ಪೊಲೀಸ್, ಕೋರ್ಟೆಂದು ಹೆದರಿ ಹಿಂದೆ ಸರಿದರೆ ಅವರಿಗೆ ಹೇಳಿ, ಸದುದ್ದೇಶದಿಂದ ನೆರವಾದವರನ್ನು ಹೊಣೆ ಮಾಡಬಾರದೆಂದು 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮನ್ನು ಸೇರಿಸಿದೆ.

ಗುಂಪು ಬಿಡಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಮೇಲಿನ ಲೆಕ್ಕವನ್ನು ಅವರ ಮುಂದೆ ಇಡಿ, ಮತ್ತು ಮುಂದಿನ ಸವಾರಿಯಲ್ಲಿ ಆ ಹಿರಿಯ ಮುಂದಾಳುವನ್ನೇ ಒಂದು ಗಂಟೆಯ ಮಟ್ಟಿಗೆ ಕೊನೆಯಲ್ಲಿ ಬರಲು ವಿನಯದಿಂದ ಕೇಳಿ. 70 ದಾಟದವರು ಅಲ್ಲಿ ಎಷ್ಟು ಸಲ 90 ನೋಡುತ್ತಾರೆ ಎನ್ನುವುದು ಅವರಿಗೇ ತಿಳಿಯುತ್ತದೆ. ನಾನು ಹೀಗೆ ಮಾಡಿಸಿದ ಮುಂದಾಳುಗಳಲ್ಲಿ ಬಹುಪಾಲು ಜನ ಅದೇ ದಿನ ಕ್ರಮ ಬದಲಾಯಿಸಿದ್ದಾರೆ. ಇಷ್ಟಾದ ಮೇಲೂ ‘ನೀವು ವೇಗ ಕಲಿಯಿರಿ’ ಎಂಬುದೇ ಉತ್ತರವಾದರೆ, ಆಗ ಧೈರ್ಯವಾಗಿ ಬಿಡಿ. ಅವರಲ್ಲೇ ನಿಮ್ಮಂತೆ ಹಿಂದೆ ಉಳಿಯುವ ಇಬ್ಬರು ಮೂವರು ಇದ್ದೇ ಇರುತ್ತಾರೆ, ಅವರೊಡನೆ ನಾಲ್ಕು ಬೈಕುಗಳ ಸಣ್ಣ ಗುಂಪು ಕಟ್ಟಿಕೊಳ್ಳಿ.

ಕೊನೆಯದಾಗಿ, ಪತ್ರದಲ್ಲಿ ನೀವು ಬರೆಯದ ಒಂದು ವಿಷಯ. ಹಂಪ್ ಹಾರಿದ ಆ ಬೈಕನ್ನು ಮೆಕ್ಯಾನಿಕ್‌ಗೆ ತೋರಿಸಿದಿರಾ? ಆ ವೇಗದಲ್ಲಿ ಮುಂಚಕ್ರ ಬಡಿದರೆ ರಿಮ್ ಡೊಂಕಾಗಿರಬಹುದು, ಫೋರ್ಕಿನ ಸೀಲ್ ಒಡೆದು ಆಯಿಲ್ ಜಿನುಗುತ್ತಿರಬಹುದು, ಹ್ಯಾಂಡಲ್ ತಿರುಗುವ ಕಡೆಯ ಕೋನ್ ಸೆಟ್ ಗುಳಿ ಬಿದ್ದಿರಬಹುದು, ಟೈರಿನ ಒಳಪದರ ಹರಿದು ಪಕ್ಕದಲ್ಲಿ ಬೊಕ್ಕೆಯಂತೆ ಉಬ್ಬಿರಬಹುದು. ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ, ಹ್ಯಾಂಡಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ ನಡುವೆ ಎಲ್ಲಾದರೂ ತಡೆಯುತ್ತದೆಯೇ ಗಮನಿಸಿ. ಇವನ್ನೆಲ್ಲ ನೋಡಿಸದೆ ಮುಂದಿನ ಬುಧವಾರ ಆ ಬೈಕನ್ನು ಹೊರಗೆ ತೆಗೆಯಬೇಡಿ.